ಸಂಜೆ ಚುಚ್ಚಿದ ಮದ್ದಿಗೆ ನಸುಕಿನಲ್ಲಿ ರೋಹು ಮೊಟ್ಟೆ ಇಡುವುದು ಹೇಗೆ? ಮೀನಿನ ಮೆದುಳು, ಡೋಪಮೈನ್ ಮತ್ತು ಮರಿ ಉತ್ಪಾದನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹಿಡಿಯಿತೆಂದರೆ ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಯಾರಿಗೂ ರಾತ್ರಿ ನಿದ್ದೆ ಇರುವುದಿಲ್ಲ. ಸಂಜೆ ಮದ್ದು ಚುಚ್ಚಿ ತೊಟ್ಟಿಗೆ ಬಿಟ್ಟ ತಾಯಿ ಮೀನು ಮೊಟ್ಟೆ ಇಟ್ಟಿತೋ ಇಲ್ಲವೋ ಎಂದು ಟಾರ್ಚ್ ಹಿಡಿದು ಕಾಯುವುದೇ ಕೆಲಸ. ಅಲ್ಲಿಗೆ ಬರುವ ಮೀನು ಕೃಷಿಕರು ಮತ್ತು ವಿದ್ಯಾರ್ಥಿಗಳು ವರ್ಷವರ್ಷವೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಮದ್ದಿನ ಅಳತೆ ಎಲ್ಲ ಕೈಪಿಡಿಗಳಲ್ಲೂ ಸಿಗುತ್ತದೆ. ಆ ಮದ್ದು ಮೀನಿನ ತಲೆಯೊಳಗೆ ಹೋಗಿ ಯಾರೊಡನೆ ಏನು ಮಾತಾಡುತ್ತದೆ ಎಂಬುದನ್ನು ಹೇಳುವವರು ಕಡಿಮೆ. ಆದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ.

ಕೆರೆಯಲ್ಲಿ ಹೊಟ್ಟೆ ತುಂಬ ಮೊಟ್ಟೆ ಕಟ್ಟಿದ ರೋಹು ಅಲ್ಲಿಯೇ ಏಕೆ ಮೊಟ್ಟೆ ಇಡುವುದಿಲ್ಲ?

ರೋಹು, ಕಾಟ್ಲಾ, ಮೃಗಾಲ್ ಮೂರೂ ಗೆಂಡೆ ಜಾತಿಯ ನದಿ ಮೀನುಗಳು. ಮಳೆಗಾಲದಲ್ಲಿ ಹೊಳೆ ಉಕ್ಕಿ ದಡದ ಬಯಲುಗಳ ಮೇಲೆ ಹೊಸನೀರು ತೆಳ್ಳಗೆ ಹರಡಿದಾಗ ಅಲ್ಲಿ ಮೊಟ್ಟೆ ಇಡುವುದು ಅವುಗಳ ಸ್ವಭಾವ. ಕೆರೆಯ ನಿಂತ ನೀರಿನಲ್ಲಿ ಮೇವು ಸಿಗುತ್ತದೆ, ಬಿಸಿಲು ಸಿಗುತ್ತದೆ, ಅಂಡಾಶಯವೂ ತುಂಬಿಕೊಳ್ಳುತ್ತದೆ. ಕೊನೆಯ ಒಂದು ಮೆಟ್ಟಿಲು ಮಾತ್ರ ಬಾಕಿ ಉಳಿಯುತ್ತದೆ.

ಅಂದರೆ ಕೆರೆಯ ರೋಹು ಬಂಜೆಯಲ್ಲ. ಮೊಟ್ಟೆ ಬೆಳೆಸುವ ಕೆಲಸ ಮುಗಿದಿರುತ್ತದೆ, ಬಿಡುಗಡೆ ಮಾಡುವ ಅಪ್ಪಣೆ ಬಂದಿರುವುದಿಲ್ಲ. ಆ ಅಪ್ಪಣೆ ಹೊರಡಬೇಕಾದದ್ದು ಮೆದುಳಿನಿಂದ. ಹರಿವು, ಮಳೆ, ಹೊಸನೀರು ಇಂಥ ಸೂಚನೆಗಳು ಬಾರದೆ ಮೆದುಳು ಬಾಯಿ ಬಿಡುವುದಿಲ್ಲ. ಮಳೆಗಾಲ ಕಳೆದರೂ ಅಪ್ಪಣೆ ಬಾರದಿದ್ದರೆ ಬಲಿತ ಮೊಟ್ಟೆಗಳು ಹೊಟ್ಟೆಯೊಳಗೇ ಕರಗಿ ಮೈಗೆ ಸೇರುತ್ತವೆ.

ಮೆದುಳಿನಿಂದ ಅಂಡಾಶಯದವರೆಗೆ ಸುದ್ದಿ ಹೋಗುವ ದಾರಿ ಯಾವುದು?

ಮೆದುಳಿನ ತಳಭಾಗದಲ್ಲಿ ಹೈಪೋಥಲಾಮಸ್ ಇದೆ. ಅಲ್ಲಿನ ಕೆಲವು ನರಕೋಶಗಳು ಹತ್ತು ಅಮೈನೋ ಆಮ್ಲಗಳ ಒಂದು ಪುಟ್ಟ ಸರಪಣಿಯನ್ನು ತಯಾರಿಸುತ್ತವೆ. ಅದರ ಹೆಸರು ಗೊನಾಡೊಟ್ರೋಪಿನ್ ಬಿಡುಗಡೆ ಹಾರ್ಮೋನ್, ಚಿಕ್ಕದಾಗಿ ಜಿಎನ್‌ಆರ್‌ಎಚ್. ಇದು ಅದರ ಕೆಳಗೇ ಇರುವ ಪಿಟ್ಯುಟರಿ ಗ್ರಂಥಿಯನ್ನು ತಟ್ಟುತ್ತದೆ. ಪಿಟ್ಯುಟರಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ: ಎಫ್‌ಎಸ್‌ಎಚ್ ಮತ್ತು ಎಲ್‌ಎಚ್. ಸ್ಥೂಲವಾಗಿ ಹೇಳುವುದಾದರೆ ಮೀನಿನಲ್ಲಿ ಎಫ್‌ಎಸ್‌ಎಚ್ ಮೊಟ್ಟೆ ಬೆಳೆಯುವ ತಿಂಗಳುಗಳದ್ದು, ಎಲ್‌ಎಚ್ ಮೊಟ್ಟೆ ಬಿಡುಗಡೆಯಾಗುವ ರಾತ್ರಿಯದು.

ಮೀನಿಗೂ ನಮಗೂ ಇಲ್ಲೊಂದು ವ್ಯತ್ಯಾಸ ಇದೆ. ನಮ್ಮ ದೇಹದಲ್ಲಿ ಜಿಎನ್‌ಆರ್‌ಎಚ್ ಸಣ್ಣ ರಕ್ತನಾಳಗಳ ಜಾಲದಲ್ಲಿ ಇಳಿದು ಪಿಟ್ಯುಟರಿ ತಲುಪುತ್ತದೆ. ಮೂಳೆಮೀನುಗಳಲ್ಲಿ ಮೆದುಳಿನ ನರತಂತುಗಳು ನೇರವಾಗಿ ಪಿಟ್ಯುಟರಿಯ ಒಳಕ್ಕೇ ಇಳಿದಿರುತ್ತವೆ. ನಮ್ಮದು ಕಾಲುವೆಯಲ್ಲಿ ಹರಿದು ಬರುವ ನೀರಾದರೆ ಮೀನಿನದು ಗಿಡದ ಬುಡಕ್ಕೇ ಬಿದ್ದ ಹನಿ ನೀರಾವರಿಯ ಕೊಳವೆ. ಆ ಕೊಳವೆಗಳ ಪೈಕಿ ಕೆಲವು ಜಿಎನ್‌ಆರ್‌ಎಚ್ ತರುತ್ತವೆ, ಕೆಲವು ಡೋಪಮೈನ್ ತರುತ್ತವೆ. ರೋಹುವಿನ ಕಥೆಯ ಗಂಟು ಇರುವುದೇ ಈ ಎರಡರ ನಡುವೆ.

ಡೋಪಮೈನ್ ಅಂದರೆ 'ಸಂತೋಷದ ರಾಸಾಯನಿಕ' ಅಲ್ಲವೇ? ಇಲ್ಲಿ ಅದಕ್ಕೇನು ಕೆಲಸ?

ಆ ಬಿರುದು ಪತ್ರಿಕೆಗಳು ಕೊಟ್ಟದ್ದು. ಒಂದೇ ರಾಸಾಯನಿಕ ಮೆದುಳಿನ ಒಂದೊಂದು ಜಾಗದಲ್ಲಿ ಒಂದೊಂದು ಕೆಲಸ ಮಾಡುತ್ತದೆ. ಗೆಂಡೆ ಜಾತಿಯ ಮೀನುಗಳ ಪಿಟ್ಯುಟರಿಯಲ್ಲಿ ಡೋಪಮೈನ್ ಕೆಲಸ ತಡೆಯುವುದು: ಎಲ್‌ಎಚ್ ಹೊರಬಾರದಂತೆ ಬಾಗಿಲಿಗೆ ಅಗುಳಿ ಹಾಕಿ ನಿಲ್ಲುವುದು. ಅದು ಎಲ್‌ಎಚ್ ಕೋಶಗಳನ್ನೂ ನೇರವಾಗಿ ಅದುಮುತ್ತದೆ, ಜಿಎನ್‌ಆರ್‌ಎಚ್ ಬಿಡುಗಡೆಯನ್ನೂ ತಗ್ಗಿಸುತ್ತದೆ.

ಹಾಗಾಗಿ ನಿಂತ ನೀರಿನ ರೋಹುವಿನಲ್ಲಿ ತೊಂದರೆ ಎರಡು. ತಳ್ಳುವ ಕೈ ಸಾಲದು, ಅಗುಳಿಯೂ ತೆಗೆದಿಲ್ಲ. ಅಗುಳಿ ಹಾಕಿದ ಬಾಗಿಲನ್ನು ಎಷ್ಟು ತಳ್ಳಿದರೇನು? ಈ ಒಂದು ಮಾತು ಹೊಳೆಯಲು ವಿಜ್ಞಾನಿಗಳಿಗೆ ಹಲವು ವರ್ಷ ಬೇಕಾಯಿತು.

ಇದನ್ನು ಪತ್ತೆ ಮಾಡಿದವರು ಯಾರು?

ಕಥೆ ಶುರುವಾಗುವುದು ಸಸ್ತನಿಗಳಿಂದ. 1971ರಲ್ಲಿ ಆಂಡ್ರ್ಯೂ ಶಾಲಿಯವರ ತಂಡ ಹಂದಿಗಳ ಹೈಪೋಥಲಾಮಸ್‌ನಿಂದ ಜಿಎನ್‌ಆರ್‌ಎಚ್ ರಚನೆಯನ್ನು ಬಿಡಿಸಿತು. ರೋಜರ್ ಗಿಯೆಮಾಂ ಅವರ ಪ್ರತಿಸ್ಪರ್ಧಿ ತಂಡ ಅದೇ ಕೆಲಸವನ್ನು ಕುರಿಗಳ ಮೆದುಳಿನಲ್ಲಿ ಮಾಡಿತು. ಇಬ್ಬರಿಗೂ 1977ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ಹಾರ್ಮೋನ್ ಕೈಗೆ ಬಂದ ಮೇಲೆ ಮೀನಿಗೂ ಚುಚ್ಚಿ ನೋಡಿದರು. ಗೆಂಡೆಗಳಲ್ಲಿ ಫಲ ಸಿಕ್ಕಿತು, ಆದರೆ ನೆಚ್ಚಿಕೊಳ್ಳುವ ಹಾಗಿರಲಿಲ್ಲ.

ಏಕೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ, ಮನೆಮನೆಯ ಗಾಜಿನ ತೊಟ್ಟಿಯ ಚಿನ್ನದ ಮೀನಿನಲ್ಲಿ. ರಿಚರ್ಡ್ ಪೀಟರ್ ಮತ್ತು ಸಂಗಡಿಗರು ಅದರ ಮೆದುಳಿನ ಒಂದು ಭಾಗವನ್ನು ಹಾಳುಗೆಡವಿ ನೋಡಿದರು. ಎಲ್‌ಎಚ್ ನಿಲ್ಲುವ ಬದಲು ಉಕ್ಕಿ ಬಂತು! ಆ ಭಾಗದಲ್ಲಿ ಇದ್ದದ್ದು ತಡೆಯುವ ಕೈ ಎಂದಾಯಿತು. 1980ರ ದಶಕದ ಮೊದಲಲ್ಲಿ ಆ ಕೈ ಡೋಪಮೈನಿನದು ಎಂದು ಖಚಿತವಾಯಿತು. ಆಮೇಲೆ ಚೀನಾದ ಗುವಾಂಗ್‌ಝೌನ ಲಿನ್ ಹಾವ್‌ರನ್ ಜೊತೆ ಸೇರಿ ಪೀಟರ್ ಒಂದು ಸರಳ ವಿಧಾನ ಕಟ್ಟಿದರು: ಜಿಎನ್‌ಆರ್‌ಎಚ್ ಹೋಲುವ ವಸ್ತುವಿನ ಜೊತೆಯಲ್ಲೇ ಡೋಪಮೈನನ್ನು ತಡೆಯುವ ಮದ್ದನ್ನೂ ಕೊಡುವುದು. ಇಬ್ಬರ ಹೆಸರೂ ಸೇರಿ ಅದು 'ಲಿನ್‌ಪಿ ವಿಧಾನ' ಆಯಿತು. ಇವತ್ತು ನಮ್ಮ ಹ್ಯಾಚರಿಗಳ ಫ್ರಿಜ್‌ನಲ್ಲಿರುವ ಸೀಸೆಗಳ ಮೂಲ ಅದೇ.

ಹಿಂದೆ ಮೀನಿನ ತಲೆ ಒಡೆದು ಗ್ರಂಥಿ ತೆಗೆಯುತ್ತಿದ್ದರಂತೆ, ನಿಜವೇ?

ನಿಜ. ಈಗಲೂ ಅಲ್ಲಲ್ಲಿ ಮಾಡುವವರಿದ್ದಾರೆ. ಪಿಟ್ಯುಟರಿ ಸಾರವನ್ನು ಚುಚ್ಚಿ ಮೊಟ್ಟೆ ಇಡಿಸುವ ಪ್ರಯೋಗ 1930ರ ದಶಕದಲ್ಲಿ ಬ್ರೆಜಿಲ್‌ನಲ್ಲಿ ಫಲಿಸಿತು. ನಮ್ಮಲ್ಲಿ 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನ ಮೀನು ಫಾರ್ಮಿನಲ್ಲಿ ಹೀರಾಲಾಲ್ ಚೌಧುರಿಯವರು ಕೆ.ಎಚ್. ಅಲಿಕುಂಞಿ ಅವರೊಡಗೂಡಿ ಭಾರತೀಯ ಗೆಂಡೆಗಳಲ್ಲಿ ಅದನ್ನು ಸಾಧಿಸಿದರು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುವುದು ಇದೇ ಕಾರಣಕ್ಕೆ. ಅಲ್ಲಿಯವರೆಗೆ ಮರಿ ಬೇಕೆಂದರೆ ಪ್ರವಾಹದ ನದಿಗೆ ಬಲೆ ಒಡ್ಡಿ ಸೋಸಬೇಕಿತ್ತು. ಯಾವ ಜಾತಿಯ ಮರಿ ಬಂತು ಎಂಬುದು ದೊಡ್ಡದಾದ ಮೇಲೆ ಗೊತ್ತಾಗುತ್ತಿತ್ತು.

ವಿಧಾನ ಹೀಗಿತ್ತು. ಮಾರುಕಟ್ಟೆಯಲ್ಲಿ ಬಲಿತ ಮೀನಿನ ತಲೆಗಳನ್ನು ಕೊಂಡು, ಬುರುಡೆ ತೆರೆದು, ಮೆದುಳಿನ ಕೆಳಗಿನ ಕಾಳಿನಷ್ಟು ಗ್ರಂಥಿಯನ್ನು ಚಿಮಟದಿಂದ ಎತ್ತಿ, ಶುದ್ಧ ಆಲ್ಕೋಹಾಲಿನಲ್ಲಿ ಇಡುವುದು. ಬೇಕಾದಾಗ ಅರೆದು, ಬಟ್ಟಿ ಇಳಿಸಿದ ನೀರಿನಲ್ಲಿ ಕಲಸಿ, ತಿಳಿಯನ್ನು ಚುಚ್ಚುವುದು. ಹೆಣ್ಣು ಮೀನಿಗೆ ಎರಡು ಸಲ: ಮೊದಲು ಕೆಜಿ ತೂಕಕ್ಕೆ 2ರಿಂದ 3 ಮಿಲಿಗ್ರಾಂ, ಆರು ತಾಸಿನ ಬಳಿಕ 5ರಿಂದ 8 ಮಿಲಿಗ್ರಾಂ. ಗಂಡಿಗೆ ಎರಡನೆಯ ಸರದಿಯಲ್ಲಿ ಒಂದೇ ಸಲ.

ಗಮನಿಸಬೇಕಾದದ್ದು ಇದು: ಇಲ್ಲಿ ಮೆದುಳಿನ ಅಪ್ಪಣೆಯ ಗೊಡವೆಯೇ ಇಲ್ಲ. ಇನ್ನೊಂದು ಮೀನು ಕೂಡಿಟ್ಟ ಎಲ್‌ಎಚ್ಚನ್ನು ತಂದು ಈ ಮೀನಿನ ಅಂಡಾಶಯಕ್ಕೆ ನೇರವಾಗಿ ಮುಟ್ಟಿಸುವುದು. ಒಂದೊಂದು ಗ್ರಂಥಿಯ ಕಸುವು ಒಂದೊಂದು ತರಹ ಇರುವುದರಿಂದ ಲೆಕ್ಕ ತಪ್ಪುವುದು ಮಾಮೂಲಿಯಾಗಿತ್ತು. ಮೀನನ್ನು ಎರಡು ಸಲ ಹಿಡಿದು ಗಾಬರಿಪಡಿಸುವುದು ಬೇರೆ.

ಈಗಿನ ಸೀಸೆಯಲ್ಲಿ ಏನಿದೆ?

ಹೆಸರಾದ ಓವಾಪ್ರಿಮ್‌ನಲ್ಲಿ ಪ್ರತಿ ಮಿಲಿಲೀಟರಿಗೆ ಸಾಲ್ಮನ್ ಮೀನಿನ ಜಿಎನ್‌ಆರ್‌ಎಚ್‌ನ ಮಾರ್ಪಡಿಸಿದ ರೂಪ 20 ಮೈಕ್ರೋಗ್ರಾಂ, ಡೊಂಪೆರಿಡೋನ್ 10 ಮಿಲಿಗ್ರಾಂ. ಒಂದು ತಳ್ಳುವುದಕ್ಕೆ, ಇನ್ನೊಂದು ಅಗುಳಿ ತೆಗೆಯುವುದಕ್ಕೆ. ಭಾರತದಲ್ಲೇ ತಯಾರಾದ ಓವಾಟೈಡ್, ವೋವಾ-ಎಫ್‌ಎಚ್ ಕೂಡ ಇದೇ ತತ್ವದವು. ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಎಂ.ಸಿ. ನಂದೀಶ ಮತ್ತು ಸಂಗಡಿಗರು 1990ರಲ್ಲೇ ಭಾರತೀಯ ಗೆಂಡೆಗಳಿಗೆ ಓವಾಪ್ರಿಮ್ ಒಂದೇ ಸಲ ಚುಚ್ಚಿದರೆ ಸಾಕೆಂಬುದನ್ನು ಪ್ರಯೋಗಗಳಿಂದ ತೋರಿಸಿದ್ದರು.

ಮಾರ್ಪಡಿಸಿದ್ದು ಏಕೆ? ಸಹಜ ಜಿಎನ್‌ಆರ್‌ಎಚ್‌ಗೆ ರಕ್ತದಲ್ಲಿ ಆಯುಸ್ಸು ಕೆಲವೇ ನಿಮಿಷ. ಕಿಣ್ವಗಳು ಅದನ್ನು ಆರನೆಯ ಕೊಂಡಿಯ ಸುತ್ತಮುತ್ತ ಮತ್ತು ಬಾಲದ ತುದಿಯಲ್ಲಿ ಕತ್ತರಿಸುತ್ತವೆ. ಆ ಎರಡೂ ಕಡೆ ಕಿಣ್ವದ ಹಲ್ಲಿಗೆ ಸಿಗದ ತುಣುಕುಗಳನ್ನು ಜೋಡಿಸಿದ್ದಾರೆ. ಹೀಗಾಗಿ ಅದು ತಾಸುಗಟ್ಟಲೆ ಉಳಿದು ಗ್ರಂಥಿಯನ್ನು ತಟ್ಟುತ್ತಲೇ ಇರುತ್ತದೆ.

ಡೊಂಪೆರಿಡೋನ್ ಎಂದರೆ ವಾಂತಿಗೆ ಕೊಡುವ ಮಾತ್ರೆಯಲ್ಲವೇ?

ಹೌದು, ಅದೇ. ಡೋಪಮೈನ್ ಕೂರುವ ಜಾಗದಲ್ಲಿ ತಾನು ಕೂತು ಅದನ್ನು ಬಾರದಂತೆ ಮಾಡುವುದು ಅದರ ಗುಣ. ಮೆದುಳಿನ ಒಳಭಾಗಕ್ಕೆ ಅದು ಸುಲಭವಾಗಿ ನುಗ್ಗುವುದಿಲ್ಲ. ಆದರೆ ಪಿಟ್ಯುಟರಿ ಮೆದುಳಿನ ರಕ್ಷಣಾ ಗೋಡೆಯ ಹೊರಗೆ ಇರುವುದರಿಂದ ಅಲ್ಲಿಗೆ ತಲುಪುತ್ತದೆ. ಮೀನಿಗೆ ಬೇಕಾದದ್ದೂ ಅಷ್ಟೇ.

ಮನುಷ್ಯರ ಪಿಟ್ಯುಟರಿಯಲ್ಲಿ ಡೋಪಮೈನ್ ಮುಖ್ಯವಾಗಿ ತಡೆಯುವುದು ಪ್ರೊಲ್ಯಾಕ್ಟಿನ್ ಎಂಬ ಹಾಲಿನ ಹಾರ್ಮೋನನ್ನು. ಆದ್ದರಿಂದ ಇದೇ ಮಾತ್ರೆಯನ್ನು ದಿನಗಟ್ಟಲೆ ನುಂಗಿದ ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಏರಿ ಮುಟ್ಟು ಏರುಪೇರಾಗುವುದುಂಟು, ಹೆರದವರ ಎದೆಯಲ್ಲೂ ಹಾಲು ಕಾಣಿಸಿಕೊಳ್ಳುವುದುಂಟು. ಪ್ರೊಲ್ಯಾಕ್ಟಿನ್ ಏರಿದರೆ ನಮ್ಮ ಜಿಎನ್‌ಆರ್‌ಎಚ್ ಕುಗ್ಗುತ್ತದೆ. ಮೀನಿನಲ್ಲಿ ಮೊಟ್ಟೆ ಇಡಿಸುವ ಮದ್ದು ಮನುಷ್ಯರಲ್ಲಿ ಮುಟ್ಟು ತಡೆಯಬಲ್ಲದು! ಮೆಡಿಕಲ್ ಅಂಗಡಿಯ ಮಾತ್ರೆ ಪುಡಿಮಾಡಿ ಮೀನಿಗೆ ಕೊಟ್ಟರಾಗದೇ ಎಂದು ಕೇಳುವವರಿಗೆ ಒಂದೇ ಮಾತು: ಅಗುಳಿ ಮಾತ್ರ ತೆಗೆದು ತಳ್ಳದೇ ಇದ್ದರೆ ಗೆಂಡೆಗಳಲ್ಲಿ ಕೆಲಸ ಸಾಮಾನ್ಯವಾಗಿ ಅರ್ಧಕ್ಕೇ ನಿಲ್ಲುತ್ತದೆ.

ಚುಚ್ಚಿದ ಮೇಲೆ ಆ ರಾತ್ರಿ ಒಳಗೆ ಏನೇನು ನಡೆಯುತ್ತದೆ?

ಮೊದಲಿಗೆ ಪಿಟ್ಯುಟರಿಯಲ್ಲಿ ಕೂಡಿಟ್ಟಿದ್ದ ಎಲ್‌ಎಚ್ ರಕ್ತಕ್ಕೆ ನುಗ್ಗುತ್ತದೆ. ಅದು ಅಂಡಾಶಯ ಮುಟ್ಟಿದಾಗ ಮೊಟ್ಟೆಯ ಸುತ್ತಲಿನ ಕೋಶಗಳು ತಮ್ಮ ಕಸುಬನ್ನೇ ಬದಲಿಸುತ್ತವೆ. ಅಲ್ಲಿಯವರೆಗೆ ಅವು ಈಸ್ಟ್ರೋಜನ್ ತಯಾರಿಸಿ, ಯಕೃತ್ತಿನಿಂದ ಭಂಡಾರದ ಪ್ರೋಟೀನು ತರಿಸಿ ಮೊಟ್ಟೆಗೆ ತುಂಬಿಸುತ್ತಿದ್ದವು. ಈಗ ಇನ್ನೊಂದು ಸ್ಟೀರಾಯ್ಡ್ ತಯಾರಾಗುತ್ತದೆ, ಮೊಟ್ಟೆಯನ್ನು ಪಕ್ವಗೊಳಿಸುವುದು ಅದರ ಕೆಲಸ. ಜಪಾನಿನ ನಾಗಹಾಮಾ ಮತ್ತು ಅದಾಚಿ 1985ರಲ್ಲಿ ಸಾಲ್ಮನ್ ಬಳಗದ ಮೀನೊಂದರಲ್ಲಿ ಇದನ್ನು ಗುರುತಿಸಿದರು.

ಅದರ ಪ್ರಭಾವದಿಂದ ಮೊಟ್ಟೆಯ ನಡುವಿನ ಕೋಶಕೇಂದ್ರ ಅಂಚಿಗೆ ಸರಿಯುತ್ತದೆ, ಅದರ ಪೊರೆ ಕರಗುತ್ತದೆ. ಬಳಿಕ ಪ್ರೊಸ್ಟಗ್ಲಾಂಡಿನ್‌ಗಳ ನೆರವಿನಿಂದ ಮೊಟ್ಟೆ ತನ್ನ ಚೀಲ ಹರಿದುಕೊಂಡು ಹೊರಬೀಳುತ್ತದೆ. ಚಿನ್ನದ ಮೀನಿನಲ್ಲಿ ಕಂಡಂತೆ ಇವೇ ರಾಸಾಯನಿಕಗಳ ಅಂಶ ನೀರಿಗೆ ಸೇರಿ ಗಂಡುಗಳಿಗೆ ವಾಸನೆಯ ಸುದ್ದಿ ಮುಟ್ಟಿಸುತ್ತದೆ. ಗಂಡುಗಳು ಬೆನ್ನಟ್ಟುವುದು, ಹೊಟ್ಟೆಗೆ ಗುದ್ದುವುದು, ನೀರು ಸಿಡಿಯುವುದು ಆ ಮೇಲೆ. ನೀರು 27ರಿಂದ 30 ಡಿಗ್ರಿ ಇದ್ದರೆ ಇದೆಲ್ಲ ಮುಗಿಯಲು ಸುಮಾರು 8ರಿಂದ 14 ತಾಸು. ಸಂಜೆ ಚುಚ್ಚುವ ರೂಢಿ ಬಂದಿರುವುದು ಈ ಲೆಕ್ಕದಿಂದ.

ಅಳತೆ ಎಷ್ಟು? ಎಲ್ಲಿ ಚುಚ್ಚಬೇಕು?

ಹೆಣ್ಣಿಗೆ ಸಾಮಾನ್ಯವಾಗಿ ಕೆಜಿ ತೂಕಕ್ಕೆ 0.3ರಿಂದ 0.5 ಮಿಲಿಲೀಟರ್. ಮೃಗಾಲ್‌ಗೆ ಕಡಿಮೆ, ಕಾಟ್ಲಾಗೆ ಹೆಚ್ಚು, ರೋಹು ನಡುವೆ. ಗಂಡಿಗೆ 0.1ರಿಂದ 0.3. ಎದೆಯ ರೆಕ್ಕೆಯ ಬುಡದಲ್ಲಿ ಅಥವಾ ಬಾಲದ ಬುಡದ ಮಾಂಸದಲ್ಲಿ, ಹುರುಪೆಯ ಕೆಳಗೆ ಸೂಜಿ ತೂರಿಸಿ. ಉಳಿದದ್ದು ಸೀಸೆಯ ಮೇಲಿನ ಚೀಟಿಯಲ್ಲಿದೆ.

ಸರಿಯಾಗಿಯೇ ಚುಚ್ಚಿದೆವು, ಮೀನು ಮೊಟ್ಟೆ ಇಡಲಿಲ್ಲ. ಮದ್ದು ಕೆಟ್ಟಿತ್ತೇ?

ಹತ್ತರಲ್ಲಿ ಒಂಬತ್ತು ಮಂದಿ ಸೀಸೆಯನ್ನೇ ಬೈಯುತ್ತಾರೆ. ನಾನು ಮೊದಲು ಕೇಳುವುದು, ಫೆಬ್ರುವರಿಯಿಂದ ಮೇ ತನಕ ಆ ತಾಯಿ ಮೀನಿಗೆ ಏನು ತಿನ್ನಿಸಿದಿರಿ ಎಂದು.

ಈ ಮದ್ದು ಮೊಟ್ಟೆಯನ್ನು ಬೆಳೆಸುವುದಿಲ್ಲ, ಬೆಳೆದ ಮೊಟ್ಟೆಯನ್ನು ಬಿಡಿಸುತ್ತದೆ. ಪಿಟ್ಯುಟರಿಯಲ್ಲಿ ಎಲ್‌ಎಚ್ ದಾಸ್ತಾನು ಇಲ್ಲದಿದ್ದರೆ ತಟ್ಟಿದರೂ ಬರುವುದೇನು? ಅಂಡಾಶಯ ಬಲಿಯದಿದ್ದರೆ ಬಂದ ಎಲ್‌ಎಚ್ಚನ್ನು ಕೇಳುವ ಕಿವಿಯೇ ಅಲ್ಲಿ ಇರುವುದಿಲ್ಲ. ದಾಸ್ತಾನೂ ಕಿವಿಯೂ ತಯಾರಾಗುವುದು ಬೇಸಿಗೆಯ ತಿಂಗಳುಗಳಲ್ಲಿ, ಮೇವು ಮತ್ತು ಏರುವ ಬಿಸಿಯ ಜೊತೆಯಲ್ಲಿ. ಹೊಟ್ಟೆ ಉಬ್ಬಿದ್ದರೆ ಸಾಲದು, ಮುಟ್ಟಿದರೆ ಮೆತ್ತಗಿರಬೇಕು, ಜನನ ರಂಧ್ರ ನಸುಗೆಂಪಾಗಿ ಊದಿರಬೇಕು. ಗಂಡಾದರೆ ಎದೆಯ ರೆಕ್ಕೆ ಒರಟಾಗಿರಬೇಕು, ಹೊಟ್ಟೆ ಸವರಿದರೆ ಹಾಲಿನಂಥ ದ್ರವ ಬರಬೇಕು.

ಅತಿಯಾಗಿ ಬಲಿತು ಕರಗತೊಡಗಿದ ಮೊಟ್ಟೆಗೂ ಮದ್ದು ನಾಟುವುದಿಲ್ಲ. ಆಗಸ್ಟ್ ಕೊನೆಯಲ್ಲಿ ಸೋಲು ಹೆಚ್ಚುವುದಕ್ಕೆ ಇದೂ ಕಾರಣ. ಇನ್ನು ಬಲೆಯಲ್ಲಿ ಅರ್ಧ ತಾಸು ಒದ್ದಾಡಿಸಿದ ಮೀನಿನ ಮೈಯಲ್ಲಿ ಕಾರ್ಟಿಸಾಲ್ ಏರಿರುತ್ತದೆ. ಗಾಬರಿಯ ಹಾರ್ಮೋನ್ ಮತ್ತು ಸಂತಾನದ ಹಾರ್ಮೋನ್ ಒಂದೇ ಮನೆಯಲ್ಲಿ ಸುಖವಾಗಿ ಬಾಳುವುದಿಲ್ಲ.

ಸಾಮಾನ್ಯ ಗೆಂಡೆ ಚುಚ್ಚುಮದ್ದಿಲ್ಲದೆ ಕೊಳದಲ್ಲೇ ಮೊಟ್ಟೆ ಇಡುತ್ತದಲ್ಲ?

ಅದಕ್ಕೆ ಬೇಕಾದ ಸೂಚನೆ ಬೇರೆ. ಅದರ ಮೊಟ್ಟೆ ಅಂಟು ಅಂಟಾಗಿದ್ದು ಜಲಸಸ್ಯಗಳಿಗೆ ಹಿಡಿದುಕೊಳ್ಳುತ್ತದೆ. ಹದವಾದ ಬಿಸಿ, ಹಸಿರು ಗಿಡ ಇಷ್ಟಿದ್ದರೆ ನಿಂತ ನೀರೇ ಸಾಕು. ಅದರ ತಲೆಯಲ್ಲೂ ಡೋಪಮೈನಿನ ತಡೆ ಇದೆ, ಆದರೆ ಆ ತಡೆ ಸಡಿಲಲು ಹೊಳೆ ಉಕ್ಕಬೇಕಿಲ್ಲ.

ಎಲ್ಲ ಮೀನುಗಳಲ್ಲೂ ಡೋಪಮೈನ್ ತಡೆ ಇದೆಯೇ?

ಇಲ್ಲ. ಗೆಂಡೆ ಮತ್ತು ಬೆಕ್ಕುಮೀನುಗಳಲ್ಲಿ ಗಟ್ಟಿಯಾಗಿದೆ. ಸಾಲ್ಮನ್‌ನಲ್ಲಿ ಅಷ್ಟಿಲ್ಲ. ಕೆಲವು ಕಡಲ ಮೀನುಗಳಲ್ಲಿ ಇಲ್ಲವೇ ಇಲ್ಲ ಎನ್ನಬಹುದು, ಅವಕ್ಕೆ ಜಿಎನ್‌ಆರ್‌ಎಚ್ ರೂಪ ಒಂದೇ ಸಾಕು. ಐರೋಪ್ಯ ಹಾವುಮೀನು ಇನ್ನೊಂದು ತುದಿಯದು: ವರ್ಷಗಟ್ಟಲೆ ಸಿಹಿನೀರಿನಲ್ಲಿ ಬೆಳೆದರೂ ಕಡಲ ಯಾತ್ರೆ ಹೊರಡುವವರೆಗೆ ಅದರ ಪ್ರೌಢತೆಯನ್ನೇ ಡೋಪಮೈನ್ ತಡೆದು ಹಿಡಿದಿರುತ್ತದೆ.

ಕಿಸ್‌ಪೆಪ್ಟಿನ್ ಎಂಬ ಹೊಸ ಹೆಸರು ಕೇಳುತ್ತೇವೆ. ಅದೂ ಇದಕ್ಕೆ ಸೇರಿದ್ದೇ?

ಮನುಷ್ಯರಲ್ಲಿ ಜಿಎನ್‌ಆರ್‌ಎಚ್ ಕೋಶಗಳನ್ನು ಎಬ್ಬಿಸುವುದು ಕಿಸ್‌ಪೆಪ್ಟಿನ್. ಅದರ ವಂಶವಾಹಿ 1996ರಲ್ಲಿ ಕ್ಯಾನ್ಸರ್ ಸಂಶೋಧನೆಯ ನಡುವೆ ಸಿಕ್ಕಿತು. ಸಿಕ್ಕ ಊರು ಅಮೆರಿಕದ ಹರ್ಷಿ, ಆ ಊರಿನ ಕಿಸ್ ಚಾಕೊಲೇಟಿನ ಹೆಸರನ್ನೇ ಇಟ್ಟರು. ಅದರ ಸಂದೇಶ ಹಿಡಿಯುವ ಗ್ರಾಹಕ ಕೆಟ್ಟರೆ ಹರೆಯವೇ ಬರುವುದಿಲ್ಲ ಎಂಬುದು 2003ರಲ್ಲಿ ಗೊತ್ತಾಯಿತು. ಮೀನಿನಲ್ಲೂ ಹೀಗೇ ಎಂದು ಎಲ್ಲರೂ ಎಣಿಸಿದ್ದರು. ಆದರೆ ಜೀಬ್ರಾಮೀನಿನಲ್ಲಿ ಕಿಸ್‌ಪೆಪ್ಟಿನ್ ವಂಶವಾಹಿಗಳನ್ನೇ ಕಿತ್ತುಹಾಕಿದರೂ ಅವು ಮರಿ ಮಾಡಿದವು. ಇನ್ನೂ ಸೋಜಿಗವೆಂದರೆ, ಅದರ ಮುಖ್ಯ ಜಿಎನ್‌ಆರ್‌ಎಚ್ ವಂಶವಾಹಿಯನ್ನು ತೆಗೆದರೂ ಮರಿ ಮಾಡಿದವು. ಒಂದು ದಾರಿ ಮುಚ್ಚಿದರೆ ಮೀನಿನ ಮೆದುಳಿಗೆ ಅಡ್ಡದಾರಿಗಳಿವೆ.

ಇದೇ ಬಗೆಯ ಮದ್ದನ್ನು ಮನುಷ್ಯರಲ್ಲಿ ಹಾರ್ಮೋನ್ ನಿಲ್ಲಿಸಲು ಕೊಡುತ್ತಾರಂತೆ. ಅದು ಹೇಗೆ?

ಲ್ಯೂಪ್ರೋಲೈಡ್ ಎಂಬ ಮದ್ದಿನ ಮಾತು ಇದು. ರಚನೆಯಲ್ಲಿ ಅದು ಮೀನಿನ ಮದ್ದಿನ ದಾಯಾದಿ. ಆರನೆಯ ಕೊಂಡಿಯನ್ನೂ ಬಾಲದ ತುದಿಯನ್ನೂ ಅದರಲ್ಲೂ ಬದಲಿಸಿದ್ದಾರೆ. ಆದರೆ ಅದನ್ನು ಪ್ರೊಸ್ಟೇಟ್ ಕ್ಯಾನ್ಸರಿನಲ್ಲಿ, ಚಿಕ್ಕ ಮಕ್ಕಳಿಗೆ ಅವಧಿಗೆ ಮೊದಲೇ ಹರೆಯ ಬಂದಾಗ, ಹಾರ್ಮೋನನ್ನು ಅಡಗಿಸಲು ಕೊಡುತ್ತಾರೆ.

ನಮ್ಮ ಮೆದುಳು ಜಿಎನ್‌ಆರ್‌ಎಚ್ಚನ್ನು ಒಂದೇ ಸಮನೆ ಸುರಿಯುವುದಿಲ್ಲ, ತಾಸು ಎರಡು ತಾಸಿಗೊಮ್ಮೆ ಮಿಡಿಯುತ್ತದೆ. ಅರ್ನ್‌ಸ್ಟ್ ನೋಬಿಲ್ ಅವರ ತಂಡ 1978ರಲ್ಲಿ ರೀಸಸ್ ಕೋತಿಗಳಲ್ಲಿ ತೋರಿಸಿದ್ದು ಇದು: ಗಂಟೆಗೊಮ್ಮೆ ಹನಿಸಿದರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಎಡೆಬಿಡದೆ ಹರಿಸಿದರೆ ಮಂಕಾಗಿ ಸುಮ್ಮನಾಗುತ್ತದೆ. ಮನೆಯ ಕರೆಗಂಟೆ ಆಗಾಗ ಬಾರಿಸಿದರೆ ಎದ್ದು ಬರುತ್ತೇವೆ, ಬಿಡದೆ ಬಾರಿಸುತ್ತಿದ್ದರೆ ತಂತಿಯನ್ನೇ ಕೀಳುತ್ತೇವೆ. ಲ್ಯೂಪ್ರೋಲೈಡ್ ವಾರಗಟ್ಟಲೆ ಬಾರಿಸುತ್ತದೆ. ಮೀನಿಗೆ ನಾವು ಕೊಡುವುದು ಒಂದೇ ರಾತ್ರಿಯ ಕರೆ, ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಹಾರ್ಮೋನ್ ಚುಚ್ಚಿದ ಮೀನು ತಿಂದರೆ ನಮಗೇನಾದರೂ ಆಗುತ್ತದೆಯೇ?

ತಟ್ಟೆಗೆ ಬರುವ ಮೀನಿಗೆ ಯಾರೂ ಇದನ್ನು ಚುಚ್ಚುವುದಿಲ್ಲ. ಚುಚ್ಚುವುದು ತಾಯಿ ತಂದೆ ಮೀನಿಗೆ. ಅದರ ಮೊಟ್ಟೆ ಒಡೆದು ಬಂದ ಮರಿ ತಿಂಗಳುಗಟ್ಟಲೆ ಬೆಳೆದು ಮಾರುಕಟ್ಟೆಗೆ ಬರುತ್ತದೆ. ಚುಚ್ಚಿದ ತಾಯಿ ಮೀನನ್ನೇ ಮಾರನೆಯ ದಿನ ಮಾರುವುದು ಸರಿಯಲ್ಲ. ಒಳ್ಳೆಯ ಕೇಂದ್ರಗಳು ಮಾರುವುದೂ ಇಲ್ಲ, ಏಕೆಂದರೆ ಚೆನ್ನಾಗಿ ಸಾಕಿದರೆ ಅದೇ ಮೀನು ಅದೇ ಹಂಗಾಮಿನಲ್ಲಿ ಇನ್ನೊಮ್ಮೆ ಮೊಟ್ಟೆ ಕಟ್ಟಬಲ್ಲದು.

ಸಿಗಡಿಗೂ ಇದೇ ಮದ್ದೇ?

ಅಲ್ಲ. ಸಿಗಡಿಯಲ್ಲಿ ಅಂಡಾಶಯವನ್ನು ತಡೆಯುವ ಹಾರ್ಮೋನ್ ಇರುವುದು ಕಣ್ಣಿನ ದಂಟಿನಲ್ಲಿ. ಹ್ಯಾಚರಿಗಳಲ್ಲಿ ಹೆಣ್ಣು ಸಿಗಡಿಯ ಒಂದು ಕಣ್ಣಿನ ದಂಟನ್ನು ಕತ್ತರಿಸುತ್ತಾರೆ ಅಥವಾ ಹಿಸುಕುತ್ತಾರೆ. ಅಲ್ಲಿಯೂ ಕೆಲಸ ತಡೆ ತೆಗೆಯುವುದೇ, ವಿಧಾನ ಮಾತ್ರ ಕ್ರೂರ. ಅದನ್ನು ಬಿಡಬೇಕೆಂಬ ಒತ್ತಾಯ ಈಚೆಗೆ ಹೆಚ್ಚುತ್ತಿರುವುದು ನ್ಯಾಯವೇ.

ಮಲೆನಾಡಿನ ಹತ್ತುಮೀನಿಗೂ ಇದಕ್ಕೂ ಸಂಬಂಧವಿದೆಯೇ?

ನೇರ ಸಂಬಂಧ. ಮೊದಲ ಮಳೆಗಳಿಗೆ ಹಳ್ಳದಲ್ಲಿ ಕೆಂಪು ನೀರು ಬಂದಾಗ ಮೀನುಗಳು ಗುಂಪುಗುಂಪಾಗಿ ಮೇಲೇರಿ ತೋಡು, ಗದ್ದೆಗಳಿಗೆ ನುಗ್ಗುತ್ತವೆ. ಹತ್ತುಮೀನು ಎಂದು ಜನ ಕಾದು ಹಿಡಿಯುವುದು ಅವನ್ನೇ. ಕೆರೆಯ ರೋಹುವಿಗೆ ನಾವು ಸೂಜಿಯಲ್ಲಿ ಕೊಡುವ ಸುದ್ದಿಯನ್ನು ಅವಕ್ಕೆ ಮಳೆಯೇ ಕೊಟ್ಟಿರುತ್ತದೆ. ಹೊಟ್ಟೆಯ ಮೊಟ್ಟೆ ಇಡುವ ಜಾಗ ಹುಡುಕಿಕೊಂಡೇ ಅವು ಹೊರಟಿರುತ್ತವೆ. ಆ ಒಂದೆರಡು ರಾತ್ರಿ ಕೂಣಿ ಒಡ್ಡಿ ಬುಟ್ಟಿ ತುಂಬಿಸಿಕೊಂಡವರು, ಮುಂದಿನ ವರ್ಷ ಹಳ್ಳದಲ್ಲಿ ಮೀನೇ ಇಲ್ಲ ಎಂದು ಹ್ಯಾಚರಿಗೆ ಮರಿ ಕೇಳಲು ಬರುವುದನ್ನು ನಾನು ಕಂಡಿದ್ದೇನೆ.